ಎಂಟು ಜನ, ಐನೂರು ಕೇಜಿ

ಬಂಡೆಗೆ ತನ್ನ ತಂಡದವರ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯ.

ಹಗ್ಗಜಗ್ಗಾಟದಲ್ಲಿ ಎಂಟನೆಯವಳಾಗಿ ಹಗ್ಗದ ಕಟ್ಟಕಡೆಯಲ್ಲಿ ನಿಲ್ಲುವವಳ ಪಾಲಿಗೆ ಬರುವುದೇ ಅದು. ಮುಂದಿನ ಏಳು ಜನ ಹಗ್ಗವನ್ನು ಕೈಯಲ್ಲಿ ಹಿಡಿದರೆ ಸಾಕು. ಕೊನೆಯವಳು ಅದನ್ನು ಕಂಕುಳಡಿ ತೂರಿಸಿ, ಬೆನ್ನಿಗೆ ಅಡ್ಡ ಹಾಯಿಸಿ, ಭುಜದ ಮೇಲಿಂದ ಮುಂದಕ್ಕೆ ತಂದು, ತಾನೇ ಒಂದು ಗಂಟಾಗಿ ನಿಲ್ಲಬೇಕು. ಆ ಜಾಗಕ್ಕೆ ಲಂಗರು ಎಂದು ಹೆಸರು. ಎರಡು ವರ್ಷದಿಂದ ಕಾಲೇಜು ಕ್ಲಬ್ಬಿನ ಹುಡುಗಿಯರ ತಂಡಕ್ಕೆ ಅವಳೇ ಲಂಗರು. ಬಂಡೆ ಎಂಬ ಅಡ್ಡಹೆಸರು ಇಟ್ಟವಳು ಹಗ್ಗದ ಮೊದಲ ಜಾಗದ ಗುಬ್ಬಿ. ಶಾಲೆಯಲ್ಲಿ ಇದೇ ಮೈಗೆ ಬೇರೆ ಹೆಸರುಗಳಿದ್ದವು; ಕೇಳಿಸಿದರೂ ಕೇಳಿಸದವಳ ಹಾಗೆ ಮುಂದೆ ನಡೆಯುವುದನ್ನು ಅವಳು ವರ್ಷಗಟ್ಟಲೆ ಕಲಿತಿದ್ದಳು. ಆದರೆ ಮೈದಾನದ ಆ ತುದಿಯಿಂದ ಗುಬ್ಬಿ "ಏ ಬಂಡೇ!" ಎಂದು ಮೊದಲ ಸಲ ಕೂಗಿದಾಗ ಅವಳು ತಿರುಗಿ ನೋಡಿದ್ದಳು. ತನ್ನ ಎಂಬತ್ತೆರಡು ಕೇಜಿಯಲ್ಲಿ ಒಂದು ಗ್ರಾಮೂ ದಂಡವಾಗದ ಜಾಗ ಇದೊಂದೇ ಎಂದು ಅವಳಿಗೆ ಅವತ್ತೇ ಖಾತ್ರಿಯಾಗಿತ್ತು.

ಎರಡು ವರ್ಷ ನೋಡಿ ನೋಡಿ ಬೆನ್ನುಗಳನ್ನು ಓದುವುದು ಅವಳಿಗೆ ಕರಗತವಾಗಿತ್ತು. ಮೂಗಿನ ನೇರಕ್ಕೆ ಇರುವುದು ಅಕ್ಕನ ಬೆನ್ನು. ನರ್ಸಿಂಗ್ ಕೊನೆಯ ವರ್ಷ, ತಂಡಕ್ಕೆಲ್ಲ ಹಿರಿಯಳು. ವಾರ್ಡಿನಲ್ಲಿ ಎರಡು ಪಾಳಿ ಮಾಡಿ ಬಂದ ದಿನ ಆ ಬೆನ್ನು ಎಡಕ್ಕೆ ವಾಲುತ್ತಿತ್ತು. ಅದರಾಚೆ ಆರನೆಯ ಜಾಗದ ಹೊಸಬಳು, ಎಳೆಯುವಾಗ ಉಸಿರು ಬಿಡುವುದನ್ನೇ ಮರೆಯುವವಳು. ಐದರಲ್ಲಿ ಕೆಮಿಸ್ಟ್ರಿಯವಳು, ಪರೀಕ್ಷೆ ಹತ್ತಿರ ಬಂದರೆ ಅವಳ ಭುಜ ಕಿವಿಗೆ ತಾಗುತ್ತಿತ್ತು. ನಾಲ್ಕರಲ್ಲಿ ಕ್ಯಾಪ್ಟನ್, ಇಸ್ತ್ರಿ ಮಾಡಿ ಇಟ್ಟಂಥ ಬೆನ್ನು. ಎರಡು ಮತ್ತು ಮೂರನೆಯವರು ಒಂದೇ ಕೋಣೆಯ ಗೆಳತಿಯರು, ಕೂತರೆ ಜೊತೆ, ಎದ್ದರೆ ಜೊತೆ. ಎಲ್ಲರ ಬಾಯಲ್ಲಿ ಅವರು ಜೋಡೆತ್ತುಗಳು. ಜಗಳವಾಡಿಕೊಂಡ ದಿನ ಅವರಿಬ್ಬರ ನಡುವಿನ ಹಗ್ಗ ಒಂದು ಕೂದಲಷ್ಟು ಸಡಿಲವಾಗುತ್ತಿತ್ತು. ಅಷ್ಟು ಸಡಿಲವೂ ಬಂಡೆಯ ಕಂಕುಳಿಗೆ ತಿಳಿಯುತ್ತಿತ್ತು.

ತಿಳಿಯುತ್ತಿತ್ತೇ ಹೊರತು ಅವಳು ಏನೆಂದು ಕೇಳುತ್ತಿರಲಿಲ್ಲ. ಹಗ್ಗ ಹಿಡಿದ ಮೇಲೆ ಮಾತಿಲ್ಲ ಎನ್ನುವುದು ಕ್ಲಬ್ಬಿನ ಹಳೆಯ ನಿಯಮ. ಮಾತಿಗೆ ಹೋಗುವ ಉಸಿರು ಕಾಲಿಗೆ ಹೋಗಲಿ ಎಂದು ಹಿಂದಿನ ಕ್ಯಾಪ್ಟನ್ ಮಾಡಿದ್ದು. ಆ ನಿಯಮ ಹಿಡಿದ ವರ್ಷವೇ ತಂಡ ಗೆದ್ದಿತು. ಗೆದ್ದ ಮೇಲೆ ಕೇಳಬೇಕೇ, ನಿಯಮ ಹಗ್ಗ ಬಿಟ್ಟಿಳಿದು ಬಟ್ಟೆ ಬದಲಿಸುವ ಕೋಣೆಗೆ ಬಂತು, ಅಲ್ಲಿಂದ ಬಸ್ಸು ಹತ್ತಿತು, ಕೊನೆಗೆ ಹಾಸ್ಟೆಲಿನ ಊಟದ ಮೇಜಿಗೂ ಬಂದು ಕೂತಿತು. ಗುಬ್ಬಿಯ ತಮಾಷೆ ಬಿಟ್ಟರೆ ಯಾರೂ ಯಾರ ವಿಚಾರಕ್ಕೂ ಹೋಗುತ್ತಿರಲಿಲ್ಲ. ಮಾತಿನವಳಲ್ಲದ ಬಂಡೆಗೆ ಇದು ಹೇಳಿ ಮಾಡಿಸಿದಂತಿತ್ತು. ಅದು ನೆಮ್ಮದಿ ಎಂದೇ ಅವಳು ತಿಳಿದಿದ್ದಳು.

ಪಂದ್ಯಕ್ಕೆ ಆರು ವಾರ ಇದ್ದಾಗ, ಒಂದು ಸೋಮವಾರ, ಲಿಫ್ಟ್ ಸರ್ ಬಟ್ಟೆ ಬದಲಿಸುವ ಕೋಣೆಯ ಕಪ್ಪು ಹಲಗೆಯ ಮುಂದೆ ನಿಂತರು.

ತರಬೇತುದಾರರ ಹೊಟ್ಟೆಪಾಡು ಲಿಫ್ಟ್ ರಿಪೇರಿ, ಅದಕ್ಕೇ ಆ ಹೆಸರು. ಜೇಬಲ್ಲಿ ಸದಾ ಸ್ಪ್ಯಾನರ್, ಉಗುರಿನಲ್ಲಿ ಗ್ರೀಸು. ಹಗ್ಗ, ಭಾರ, ಸೆಳೆತ ಬಿಟ್ಟರೆ ಅವರಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಹೋದ ವರ್ಷದವರೆಗೆ ಇದ್ದ, ತೂಕದ ಮಿತಿಯಿಲ್ಲದ ವಿಭಾಗವನ್ನು ಪಂದ್ಯ ನಡೆಸುವವರು ಈ ಸಲ ತೆಗೆದುಹಾಕಿದ್ದರು. ಹಲಗೆಯ ಮೇಲೆ ಎಂಟು ತೂಕಗಳು ಒಂದರ ಕೆಳಗೊಂದು ಇದ್ದವು. ಮೇಲೆ ಗುಬ್ಬಿಯ ಐವತ್ತನಾಲ್ಕು, ಎಲ್ಲಕ್ಕಿಂತ ಕೆಳಗೆ ಬಂಡೆಯ ಎಂಬತ್ತೆರಡು.

"ಎಂಟು ಜನ, ಐನೂರು ಕೇಜಿ," ಎಂದರು ಸರ್. "ಲಿಫ್ಟ್ ಒಳಗೆ ಬೋರ್ಡ್ ಹಾಕಿರ್ತೀವಲ್ಲ, ಅದೇ ಲೆಕ್ಕ. ಎಂಟೂ ಜನರನ್ನ ತೂಗಿ ಕೂಡಿಸ್ತಾರೆ. ಐನೂರಕ್ಕಿಂತ ಒಂದು ಗುಂಡುಪಿನ್ ಜಾಸ್ತಿ ಬಂದ್ರೂ ಹಗ್ಗ ಮುಟ್ಟೋಕೆ ಬಿಡಲ್ಲ. ನಾವೀಗ ಎಷ್ಟಿದೀವಿ?"

"ಐನೂರ ಎಂಟು," ಎಂದಳು ಗುಬ್ಬಿ. "ಎಂಟು ಕೇಜಿ ತಾನೇ ಸರ್? ನನ್ನ ಕೂದಲು ಕತ್ತರಿಸಿಬಿಡಿ."

"ನಿನ್ನ ನಾಲಿಗೆ ಕತ್ತರಿಸಿದ್ರೆ ಸಾಕು, ಹತ್ತು ಕೇಜಿ ಇಳಿಯತ್ತೆ."

ಎಲ್ಲರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಸರ್ ಅವರ ಫೋನ್ ಹೊಡೆದುಕೊಂಡಿತು. ಎಲ್ಲೋ ಒಂದು ಆಸ್ಪತ್ರೆಯ ಲಿಫ್ಟು ಎರಡನೆಯ ಮಹಡಿಯಲ್ಲಿ ಸಿಕ್ಕಿಬಿದ್ದಿತ್ತು. "ಹೇಗೆ ಇಳಿಸ್ತೀರೋ, ಯಾರನ್ನ ಬದಲಾಯಿಸ್ತೀರೋ, ನಿಮ್ಮ ನಿಮ್ಮಲ್ಲೇ ಮಾತಾಡಿಕೊಂಡು ತೀರ್ಮಾನ ಮಾಡ್ಕೊಳಿ," ಎಂದು ಚೀಲ ಹೆಗಲಿಗೇರಿಸಿ ಅವರು ಹೋಗಿಯೇಬಿಟ್ಟರು.

ಮಾತಾಡಿಕೊಳ್ಳಬೇಕಂತೆ. ಅದೊಂದು ಬಿಟ್ಟು ಬೇರೆ ಏನು ಹೇಳಿದ್ದರೂ ಆ ತಂಡ ಮಾಡುತ್ತಿತ್ತು.

ನಲ್ಲಿಯಿಂದ ತೊಟ್ಟಿಕ್ಕುವ ನೀರಿನ ಸದ್ದು ಇದ್ದಕ್ಕಿದ್ದಂತೆ ದೊಡ್ಡದಾಯಿತು. ಎಲ್ಲರೂ ತಮ್ಮ ತಮ್ಮ ಬೂಟಿನ ದಾರ ಬಿಚ್ಚುವುದರಲ್ಲಿ ಮುಳುಗಿದರು. ಬಾಗಿಲ ಪಕ್ಕದ ಬೆಂಚಿನಲ್ಲಿ ತಂಡದ ಹೆಚ್ಚುವರಿ ಆಟಗಾರ್ತಿ ಕೂತಿದ್ದಳು. ಎಲ್ಲರೂ ಎಕ್ಸ್‌ಟ್ರಾ ಎಂದು ಕರೆಯುವ ಅವಳ ತೂಕ ಅರವತ್ತೊಂದು. ಎಂಬತ್ತೆರಡನ್ನು ತೆಗೆದು ಅರವತ್ತೊಂದನ್ನು ಹಾಕಿದರೆ ನಾನೂರ ಎಂಬತ್ತೇಳು. ಇಷ್ಟು ಕೂಡು–ಕಳೆ ಎಲ್ಲರಿಗೂ ಬರುತ್ತದೆ ಎಂದು ಬಂಡೆಗೆ ಗೊತ್ತಿತ್ತು. ಲಿಫ್ಟಿನಲ್ಲಿ ಭಾರ ಹೆಚ್ಚಾಗಿ ಗಂಟೆ ಹೊಡೆದುಕೊಂಡರೆ ಎಲ್ಲರ ಕಣ್ಣು ಹೋಗುವುದು ಕೊನೆಗೆ ಹತ್ತಿದವಳ ಮೇಲೆ. ಇಲ್ಲಿ ಯಾರೂ ಅವಳತ್ತ ನೋಡಲಿಲ್ಲ. ಆ ನೋಡದಿರುವಿಕೆಯೇ ಅವಳಿಗೆ ಗಂಟೆಯ ಹಾಗೆ ಕೇಳಿಸಿತು.

ಆಗ ಕ್ಯಾಪ್ಟನ್ ಎದ್ದಳು. ಡಸ್ಟರ್ ತೆಗೆದುಕೊಂಡು ಹಲಗೆಯನ್ನು ಕೆಳಗಿನಿಂದ ಮೇಲಕ್ಕೆ ಒರೆಸಿದಳು. ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡಳು. "ಇನ್ಮೇಲೆ ಇಲ್ಲಿ ಯಾರ ತೂಕಾನೂ ಬರೆಯೋದು ಬೇಡ," ಎಂದಳು. ಅಷ್ಟೇ.

ಬಂಡೆ ಕಂಡದ್ದು ಒಂದೇ: ಮೊದಲು ಅಳಿಸಿದ್ದು ಎಂಬತ್ತೆರಡನ್ನು.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ತೀರ್ಮಾನಕ್ಕೆ ಬಂದಳು. ಎಂಟು ಕೇಜಿ ಹೆಚ್ಚಾಗಿದೆ, ಎಂಟನೆಯವಳು ತಾನು, ಇಳಿಸಬೇಕಾದವಳೂ ತಾನೇ. ತನ್ನ ಜಾಗವನ್ನು ಬೇರೆ ಯಾರಿಗೂ ಬಿಟ್ಟುಕೊಡುವ ಮಾತಿಲ್ಲ. ಇದನ್ನು ಯಾರಿಗೂ ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

ಅವಳ ಅಮ್ಮ ಬಟ್ಟೆ ಸರಿಪಡಿಸುವ ಅಂಗಡಿ ಇಟ್ಟಿದ್ದರು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ: ಬೀದಿಗೆ ತೆರೆದ ಕಿಟಕಿ, ಎರಡು ಹೊಲಿಗೆ ಯಂತ್ರ, ಗುಂಡಿಗಳ ಡಬ್ಬಗಳು. ಅಪ್ಪ ಬಸ್ ಡಿಪೋದಲ್ಲಿ ಟೈರು ಬದಲಿಸುವವರು. ಮಗಳ ಭುಜ ಅವರದೇ ಎಂದು ಎಲ್ಲರೂ ಹೇಳುತ್ತಿದ್ದರು. ಮಗಳು ಹುಟ್ಟಿದಾಗಿನಿಂದ ಅಮ್ಮ ಅವಳ ಬಟ್ಟೆಗಳ ಹೊಲಿಗೆ ಬಿಚ್ಚಿ ದೊಡ್ಡದು ಮಾಡುತ್ತಲೇ ಬಂದವರು. ಅದಕ್ಕೆಂದೇ ಪ್ರತಿ ಬಟ್ಟೆಯ ಒಳಗೂ ಎರಡು ಬೆರಳಗಲ ಬಟ್ಟೆ ಬಿಡುತ್ತಿದ್ದರು. ಮೂರು ವಾರ ಕಳೆದು ಬಂಡೆ ಆಟದ ಪ್ಯಾಂಟು ತಂದು, "ಸೊಂಟ ಸಡಿಲ ಆಗಿದೆ, ಹಿಡಿದುಕೊಡು," ಎಂದಾಗ ಅಮ್ಮನ ಕಾಲು ಯಂತ್ರದ ಪೆಡಲಿನ ಮೇಲೇ ನಿಂತುಬಿಟ್ಟಿತು.

"ನಿಲ್ಲು ಇಲ್ಲಿ," ಎಂದು ಟೇಪು ಸುತ್ತಿದರು. ಓದಿದರು. ಬಿಚ್ಚಿ ಮತ್ತೆ ಸುತ್ತಿದರು.

"ಟೇಪ್ ಹಿಗ್ಗಿದೆಯೇನೋ ಅಮ್ಮ."

"ಇಪ್ಪತ್ತು ವರ್ಷದಿಂದ ಹಿಗ್ಗದೇ ಇದ್ದ ಟೇಪು ನಿನ್ನ ನೋಡಿ ಹಿಗ್ತಾ? ಮೂರು ಇಂಚು ಎಲ್ಲಿ ಬಿಟ್ಟು ಬಂದೆ?"

"ಪ್ರಾಕ್ಟೀಸ್ ಜಾಸ್ತಿ."

"ಹ್ಞೂಂ. ಡಬ್ಬಿ ಹೇಗೆ ಕೊಟ್ಟಿದ್ನೋ ಹಾಗೇ ವಾಪಸ್ ಬರ್ತಿದೆಯಲ್ಲ, ಅದೂ ಪ್ರಾಕ್ಟೀಸಾ?"

ಬಂಡೆ ಕಿಟಕಿಯಾಚೆ ನೋಡಿದಳು. ಅಮ್ಮ ಇನ್ನೊಂದು ಮಾತು ಕೇಳುತ್ತಾರೆಂದು ಕಾದಳು, ಕೇಳಿದ್ದರೆ ಹೇಳಿಬಿಡುತ್ತಿದ್ದಳೇನೋ. ಅಮ್ಮ ಸೂಜಿಗೆ ಕೆಂಪು ದಾರ ಪೋಣಿಸಿ, ಅಗಲಗಲ ಹೊಲಿಗೆಯಲ್ಲಿ ಸೊಂಟ ಹಿಡಿದು ಪ್ಯಾಂಟನ್ನು ಮಡಿಲಿಗೆ ಎಸೆದರು.

"ಕತ್ತರಿ ಹಾಕಲ್ಲ ನಾನು. ಕಚ್ಚಾ ಹೊಲಿಗೆ ಹಾಕಿದೀನಿ. ಬುದ್ಧಿ ಬಂದ ದಿನ ಈ ದಾರ ಹಿಡಿದು ಎಳಿ, ಬಿಚ್ಕೊಳತ್ತೆ."

ಅಷ್ಟು ಹೊತ್ತಿಗೆ ಆರು ಕೇಜಿ ಇಳಿದಿತ್ತು. ಬಸ್ ಸ್ಟ್ಯಾಂಡಿನ ಔಷಧದ ಅಂಗಡಿಯ ತೂಕದ ಯಂತ್ರ ಹಾಗೆಂದು ಚೀಟಿ ಕೊಟ್ಟಿತ್ತು. ಮೆಟ್ಟಿಲು ಹತ್ತಿದರೆ ಕಣ್ಣು ಮಂಜಾಗುತ್ತಿತ್ತು, ತರಗತಿಯಲ್ಲಿ ಬೋರ್ಡಿನ ಮೇಲಿನ ಸಾಲುಗಳು ಈಜಾಡುತ್ತಿದ್ದವು. ಆದರೂ ಅವಳು ಎದೆಗುಂದಿರಲಿಲ್ಲ. ಹಿಡಿದ ಕೆಲಸ ಬಿಡುವ ಜಾಯಮಾನವೇ ಅವಳದಲ್ಲ. ಕಾಡಿದ್ದು ಬೇರೆ. ಮೈದಾನದಲ್ಲಿ ಅವಳ ಕಣ್ಣೆದುರಿನ ಬೆನ್ನುಗಳು ಬದಲಾಗುತ್ತಿದ್ದವು. ಅಕ್ಕನ ಅಂಗಿಯ ಒಳಗಿಂದ ಭುಜದ ಮೂಳೆಗಳು ಎದ್ದು ಕಾಣುತ್ತಿದ್ದವು. ಕ್ಯಾಪ್ಟನ್‌ಳ ಇಸ್ತ್ರಿ ಬೆನ್ನಿನಲ್ಲಿ ಮೊದಲ ಸಲ ಸುಕ್ಕು ಬಿದ್ದಿತ್ತು. ಹಗ್ಗ ಹಿಡಿದು ಒರಗಿದರೆ ಮುಂದಿನಿಂದ ಬರಬೇಕಾದ ಬಿಗಿ ಬರುತ್ತಿರಲಿಲ್ಲ. ಪರೀಕ್ಷೆಯ ದಿನಗಳು, ಎಲ್ಲರಿಗೂ ನಿದ್ದೆ ಸಾಲದು ಎಂದು ಅವಳು ತನಗೇ ಸಮಾಧಾನ ಹೇಳಿಕೊಂಡಳು. ಕೇಳಲು ಬಾಯಿ ತೆರೆದಿದ್ದರೆ ಅವರೂ ತಿರುಗಿ ಅವಳನ್ನೇ ಕೇಳುತ್ತಿದ್ದರು. ಅದು ಅವಳಿಗೆ ಬೇಡವಾಗಿತ್ತು.

ಪಂದ್ಯಕ್ಕೆ ಎರಡು ವಾರವಿರುವಾಗ ಹಾಸ್ಟೆಲಿನ ಅಡುಗೆಮನೆಯವರ ಜೊತೆ ಒಂದು ಸಲ ಎಳೆಯುವುದು ಕ್ಲಬ್ಬಿನ ಪದ್ಧತಿ. ಸೋತವರು ಆ ದಿನದ ದೊಡ್ಡ ಪಾತ್ರೆಗಳನ್ನು ತೊಳೆಯಬೇಕು. ನಾಲ್ಕು ವರ್ಷದಿಂದ ಪಾತ್ರೆ ತೊಳೆದದ್ದು ಅಡುಗೆಮನೆಯವರೇ. ಅವರ ಮುಖ್ಯಸ್ಥೆ, ಇಡೀ ಹಾಸ್ಟೆಲಿಗೆ ದೊಡ್ಡಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬನ್ರೇ, ಬೇಗ ಸೋತು ಹೋಗ್ತೀವಿ, ಒಲೆ ಮೇಲೆ ಹಾಲಿದೆ," ಎನ್ನುತ್ತಲೇ ಹಗ್ಗ ಹಿಡಿದರು.

ಸರ್ ಕೈ ಇಳಿಸಿದರು. ಹಗ್ಗ ಬಿಗಿಯಿತು. ಬಂಡೆ ಹಿಮ್ಮಡಿ ಊರಿ ಹಿಂದಕ್ಕೊರಗಿದಳು. ಒರಗಿದ ಜಾಗದಲ್ಲಿ ಎಂದಿನಂತೆ ನೆಲ ಅವಳನ್ನು ಹಿಡಿದುಕೊಳ್ಳಲಿಲ್ಲ. ಹಿಮ್ಮಡಿ ಜಾರಿತು, ಅವಳ ಮುಂದೆ ಅಕ್ಕ ಜಾರಿದಳು, ಹೊಸಬಳು ಕೂತೇಬಿಟ್ಟಳು. ಹತ್ತು ಎಣಿಸುವಷ್ಟರಲ್ಲಿ ಎಂಟೂ ಜನ ಒಗೆದ ಬಟ್ಟೆಯ ಹಾಗೆ ಗೆರೆ ದಾಟಿ ಬಿದ್ದಿದ್ದರು.

ಅಡುಗೆಮನೆಯವರು ಗೆದ್ದ ಖುಷಿಗಿಂತ ಗಾಬರಿಯಿಂದಲೇ ನಿಂತಿದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ದೊಡ್ಡಮ್ಮ ಹಗ್ಗ ಕೆಳಗೆ ಹಾಕಿ ಸೊಂಟದ ಮೇಲೆ ಕೈಯಿಟ್ಟರು.

"ಏನ್ ಸರ್ ಇದು, ನಾವು ಸುಮ್ನೆ ಹಿಡಿದು ನಿಂತಿದ್ವಿ, ಇವು ತಾವಾಗೇ ಬಂದ್ವು! ಮೂರು ವಾರದಿಂದ ಈ ಮೇಜಿನ ತಟ್ಟೆಗಳು ಮಾತ್ರ ಅರ್ಧ ಊಟ ಹಾಗೇ ವಾಪಸ್ ಬರ್ತಿವೆ. ನನ್ನ ಕೈಗೇನಾಯ್ತಪ್ಪಾ ಅಂತ ನಾನು ದಿನಾ ಉಪ್ಪು ಖಾರ ಬದಲಾಯಿಸ್ತಾ ಸಾಯ್ತಿದೀನಿ."

ಸರ್ ಒಂದೊಂದೇ ಮುಖ ನೋಡುತ್ತಾ ಬಂದರು. ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಬೈಯಲಿಲ್ಲ. "ನನ್ನ ಹಿಂದೆ ಬನ್ನಿ," ಎಂದಷ್ಟೇ ಹೇಳಿದರು.

ಅಡುಗೆಮನೆಯ ಹಿಂಭಾಗದಲ್ಲಿ ಮೂಟೆಗಳನ್ನು ಮೇಲಿನ ಉಗ್ರಾಣಕ್ಕೆ ಸಾಗಿಸುವ ಒಂದು ಹಳೆಯ ಲಿಫ್ಟಿತ್ತು. ಅದನ್ನು ನೋಡಿಕೊಳ್ಳುವವರೂ ಸರ್ ಅವರೇ. ಬಾಗಿಲ ಪಕ್ಕದ ತಗಡಿನ ಮುಚ್ಚಳವನ್ನು ಸ್ಪ್ಯಾನರಿನಿಂದ ತೆರೆದರು. ಒಳಗೆ ಸಣ್ಣ ಕೆಂಪು ಅಂಕಿಗಳು ಸೊನ್ನೆ ತೋರಿಸುತ್ತಿದ್ದವು. ಲಿಫ್ಟಿನೊಳಗೆ ಎಷ್ಟು ಭಾರವಿದೆ ಎಂದು ಹೇಳುವ ಅಂಕಿಗಳು.

"ಎಂಟೂ ಜನ ಹತ್ತಿ. ಎಕ್ಸ್‌ಟ್ರಾ, ನೀನು ಇಲ್ಲೇ ಇರು."

ಬಂಡೆ ಮೊದಲು ಹತ್ತಿ ಹಿಂದಿನ ಮೂಲೆಗೆ ಹೋದಳು. ಎಲ್ಲರೂ ಹತ್ತಿದ ಮೇಲೆ ಸರ್ ಅಂಕಿ ನೋಡಿದರು, ಮುಚ್ಚಳಕ್ಕೆ ಒಂದು ಬಾರಿ ತಟ್ಟಿ ಮತ್ತೆ ನೋಡಿದರು.

"ನಾನೂರ ಎಂಬತ್ತೊಂದು. ಇಪ್ಪತ್ತೇಳು ಕೇಜಿ ನಾಪತ್ತೆ. ಇಳಿಸೋಕೆ ಹೇಳಿದ್ದು ಎಂಟು!" ಅವರು ಸ್ಪ್ಯಾನರನ್ನು ಜೇಬಿಗೆ ತುರುಕಿದರು. "ತಪ್ಪು ನಂದೂ ಇದೆ. ಹೇಳಿ ಓಡಿಹೋದೆ. ಈಗ ಬಾಗಿಲು ಹಾಕ್ತೀನಿ. ಲಿಫ್ಟು ಎಲ್ಲಿಗೂ ಹೋಗಲ್ಲ. ಒಳಗೆ ಬಾಗಿಲು ತೆರೆಯೋ ಬಟನ್ ಇದೆ, ಕೆಲಸ ಮಾಡತ್ತೆ, ಯಾರಿಗೆ ಯಾವಾಗ ಬೇಕೋ ಒತ್ತಿ. ಆದ್ರೆ ಆ ಇಪ್ಪತ್ತೇಳು ಎಲ್ಲಿ ಹೋಯ್ತು ಅಂತ ಗೊತ್ತು ಮಾಡ್ಕೊಂಡು ಬಂದ್ರೆ ಒಳ್ಳೇದು."

ಬಾಗಿಲು ಮುಚ್ಚಿತು. ಒಳಗೆ ಈರುಳ್ಳಿ ಮೂಟೆಯ ವಾಸನೆ, ಮೇಲೊಂದು ಮಂದ ದೀಪ. ಲಿಫ್ಟಿನಲ್ಲಿ ನಿಂತವರು ಬಾಗಿಲ ಕಡೆಗೇ ಮುಖ ಮಾಡುತ್ತಾರಲ್ಲ, ಇವರೂ ಹಾಗೆಯೇ ನಿಂತಿದ್ದರು. ಬಂಡೆಯ ಮುಂದೆ ಮತ್ತೆ ಅವೇ ಏಳು ಬೆನ್ನುಗಳು. ಬಟನ್ನಿನ ಪಕ್ಕದಲ್ಲೇ ಗುಬ್ಬಿ ಇದ್ದಳು. ಅವಳೂ ಕೈ ಎತ್ತಲಿಲ್ಲ.

ಈ ಮೌನ ಬಂಡೆಗೆ ಚಿರಪರಿಚಿತ. ಇದರೊಳಗೆ ಅವಳು ಎರಡು ವರ್ಷ ಹಾಯಾಗಿ ಬದುಕಿದ್ದಳು. ಆದರೆ ಈಗ, ಕೈ ಚಾಚಿದರೆ ಸಿಗುವ ಅಕ್ಕನ ಬೆನ್ನಿನ ಮೂಳೆಗಳನ್ನು ಎಣಿಸುತ್ತಾ ನಿಂತಾಗ, ತಾನು ಓದಿದ್ದೆಲ್ಲ ಸರಿ, ಅರ್ಥ ಮಾಡಿಕೊಂಡದ್ದೆಲ್ಲ ತಪ್ಪು ಎಂದು ಅವಳಿಗೆ ಹೊಳೆಯಿತು. ಹೇಳಿದರೆ ಜಾಗ ಹೋಗಬಹುದು. ಹೇಳದಿದ್ದರೆ ಆ ಜಾಗದಲ್ಲಿ ನಿಂತು ಹಿಡಿಯುವುದಕ್ಕೆ ಮುಂದೆ ಯಾರಿರುತ್ತಾರೆ?

"ನಂದು ಏಳು," ಎಂದಳು ಬಂಡೆ.

ತನ್ನ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಏಳು ಕೇಜಿ. ರಾತ್ರಿ ಊಟ ಬಿಟ್ಟೆ, ಆಮೇಲೆ ಮಧ್ಯಾಹ್ನದ್ದೂ ಬಿಟ್ಟೆ. ಇನ್ನೊಂದು ಕೇಜಿ ಇಳಿದ್ರೆ ಎಂಟು, ಅಲ್ಲಿಗೆ ಯಾರೂ ಏನೂ ಹೇಳೋ ಹಾಗಿರಲ್ಲ ಅಂದುಕೊಂಡೆ. ನನಗೆ ಆ ಜಾಗ ಬೇಕು. ಬೇರೆ ಎಲ್ಲೂ ನಾನು ಇಷ್ಟು ಸರಿಯಾಗಿ ಕೂರಲ್ಲ."

ಮೊದಲು ತಿರುಗಿದವಳು ಅಕ್ಕ. "ಅಯ್ಯೋ ಹುಚ್ಚಿ," ಎಂದಳು, "ನಂದು ನಾಲ್ಕು. ನಿನ್ನ ತೆಗೀತಾರೆ ಅಂತ ನಾನು ಇಳಿಸಿದ್ದು. ದಿನಾ ಪೇಷೆಂಟ್‌ಗಳ ಪಕ್ಕ ಕೂತು ಇನ್ನೊಂದು ತುತ್ತು, ಇನ್ನೊಂದು ತುತ್ತು ಅಂತ ಉಣ್ಣಿಸೋಳು ನಾನು. ನಾಚಿಕೆ ಆಗ್ತಿದೆ."

"ನಂದೂ ನಾಲ್ಕು," ಎಂದಳು ಕೆಮಿಸ್ಟ್ರಿಯವಳು, ಭುಜ ಕಿವಿಯಿಂದ ಇಳಿಸುತ್ತಾ. ಹೊಸಬಳು ಮೂರು ಬೆರಳು ತೋರಿಸಿ ಅಳಲು ಶುರುಮಾಡಿದಳು. ಎಲ್ಲರಿಗಿಂತ ಹೊಸಬಳು ತಾನು, ಯಾರನ್ನಾದರೂ ತೆಗೆದರೆ ಅದು ತಾನೇ ಆಗಿರಬೇಕಿತ್ತು, ತನ್ನಿಂದ ಬಂಡೆ ಹೋಗುವ ಹಾಗಾಯಿತು ಎಂದು ಅವಳು ಮೂರು ವಾರದಿಂದ ಒಬ್ಬಳೇ ಬೇಯುತ್ತಿದ್ದಳು. ಜೋಡೆತ್ತುಗಳು ಒಬ್ಬರನ್ನೊಬ್ಬರು ನೋಡಿಕೊಂಡರು.

"ಇಬ್ಬರದೂ ಸೇರಿ ಮೂರು," ಎಂದಳು ಒಬ್ಬಳು.

"ಸೇರಿ ಅಂದ್ರೆ, ನಂದು ಎರಡು, ಇವಳದು ಒಂದು. ಇವಳು ದಿಂಬಿನ ಕೆಳಗೆ ಬಿಸ್ಕತ್ತು ಇಟ್ಕೊಂಡಿದ್ಲು!"

"ನೀನು ಕದ್ದು ತಿಂದಿಲ್ವಾ ಅದನ್ನ?"

ಯಾರೋ ಕಿಸಕ್ಕೆಂದರು. ಗುಬ್ಬಿ ಬಾಗಿಲಿಗೆ ಬೆನ್ನು ಕೊಟ್ಟು ತಿರುಗಿ ನಿಂತಿದ್ದಳು. "ನಂದು ಒಂದು," ಎಂದಳು, ತಲೆ ತಗ್ಗಿಸಿ. "ಎಷ್ಟು ಪ್ರಯತ್ನ ಪಟ್ರೂ ಹೊಟ್ಟೆ ಕೇಳಲಿಲ್ಲ ಕಣ್ರೇ. ಕ್ಷಮಿಸಿ."

ಆಗ ನಗು ಒಡೆಯಿತು, ಲಿಫ್ಟು ಅಲುಗಾಡುವ ಹಾಗೆ. ನಗುತ್ತಲೇ ಎಲ್ಲರ ಕಣ್ಣು ಕ್ಯಾಪ್ಟನ್ ಕಡೆ ಹೋಯಿತು. ಅವಳೊಬ್ಬಳೇ ಇನ್ನೂ ತಿರುಗಿರಲಿಲ್ಲ.

"ಐದು," ಎಂದಳು ಅವಳು, ಬಾಗಿಲಿಗೆ. "ಹಲಗೆ ಅಳಿಸಿದ್ರೆ ಬಂಡೆಗೆ ಮುಜುಗರ ಆಗಲ್ಲ ಅಂದುಕೊಂಡೆ. ಯಾರ ಕಣ್ಣೂ ಅವಳ ನಂಬರ್ ಮೇಲೆ ಬೀಳೋದು ಬೇಡ ಅಂತ ಅದನ್ನೇ ಮೊದಲು ಅಳಿಸಿದೆ. ಆಮೇಲೆ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಕ್ಯಾಪ್ಟನ್ ಆದವಳು ಮಾತಾಡದೆ ಮಾಡಿ ತೋರಿಸಬೇಕು ಅಂತ ನಾನೇ ಐದು ಇಳಿಸ್ತಾ ಕೂತೆ. ಹಲಗೆ ಇದ್ದಿದ್ರೆ ಮೊದಲ ವಾರವೇ ಎಲ್ಲ ಗೊತ್ತಾಗಿರ್ತಿತ್ತು."

"ಮೊದಲು ಅಳಿಸಿದ್ದಕ್ಕೆ," ಎಂದಳು ಬಂಡೆ ನಿಧಾನವಾಗಿ, "ನನ್ನನ್ನೇ ಅಳಿಸಿದೆ ಅಂದುಕೊಂಡೆ ನಾನು."

ಕ್ಯಾಪ್ಟನ್ ಸರಕ್ಕನೆ ತಿರುಗಿದಳು. ಆ ಮುಖವನ್ನು ಇಷ್ಟು ಹತ್ತಿರದಿಂದ ಬಂಡೆ ಯಾವತ್ತೂ ನೋಡಿರಲಿಲ್ಲ. ಎಡಗಣ್ಣಿನ ಕೆಳಗೊಂದು ಮಚ್ಚೆ ಇತ್ತು. ಎರಡು ವರ್ಷ ಒಂದೇ ಹಗ್ಗ ಹಿಡಿದವಳ ಮುಖದ ಮಚ್ಚೆ ತನಗೆ ಗೊತ್ತಿರಲಿಲ್ಲ.

"ಒಂದು ವಿಷಯ ಹೇಳ್ಲಾ?" ಎಂದಳು ಗುಬ್ಬಿ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ನಿನಗೆ ನಾವೆಲ್ಲ ಕಾಣ್ತೀವಿ. ನಮಗೆ ನೀನು ಕಾಣಲ್ಲ. ನನಗೆ ಕಾಣೋದು ಎದುರಿನವರ ಮೂತಿ. ಹಿಂದೆ ನೀನಿದೀಯಾ ಅಂತ ನಂಬಿಕೊಂಡು ಎಳೀತೀನಿ ಅಷ್ಟೇ. ಇವತ್ತು ಒರಗಿದಾಗ ನೀನು ಇರಲಿಲ್ಲ. ಭಯ ಆಯ್ತು ಕಣೇ."

ಬಂಡೆ ಉತ್ತರ ಕೊಡಲಿಲ್ಲ. ಕೊಡಬೇಕಾದ ಉತ್ತರ ಅವಳ ಮನಸ್ಸಿನಲ್ಲಿ ಆಗಲೇ ಕೂತಿತ್ತು. ಅದಕ್ಕೆ ಇದು ಜಾಗವಲ್ಲ ಅನ್ನಿಸಿತು.

ಗುಬ್ಬಿ ಬಟನ್ ಒತ್ತಿದಳು. ಬಾಗಿಲು ತೆರೆದಾಗ ಹೊರಗೆ ಸರ್, ದೊಡ್ಡಮ್ಮ, ಎಕ್ಸ್‌ಟ್ರಾ ಮೂವರೂ ಮೂಟೆಗಳ ಮೇಲೆ ಸಾಲಾಗಿ ಕೂತಿದ್ದರು. ದೊಡ್ಡಮ್ಮನ ಮಡಿಲಲ್ಲಿ ಬೇಯಿಸಿದ ಮೊಟ್ಟೆಗಳ ಬೋಗುಣಿ.

"ನಾನೂ ಹೇಳಬೇಕು," ಎಂದು ಎಕ್ಸ್‌ಟ್ರಾ ಎದ್ದು ನಿಂತಳು. ಒಳಗಿನ ಮಾತೆಲ್ಲ ಹೊರಗೆ ಕೇಳಿಸಿತ್ತು. "ಬಂಡೆ ಜಾಗಕ್ಕೆ ನನ್ನ ನಿಲ್ಲಿಸಿದ್ರೆ ಹಾರಿಹೋಗ್ತೀನಿ ಅನ್ನೋ ಹೆದರಿಕೆಗೆ ನಾನು ಮೂರು ಹೊತ್ತೂ ಎರಡೆರಡು ತಟ್ಟೆ ತಿಂದೆ. ನಾಲ್ಕು ಕೇಜಿ ಜಾಸ್ತಿ ಆಗಿದೀನಿ."

"ಅದಕ್ಕೇ ಮತ್ತೆ!" ಎಂದರು ದೊಡ್ಡಮ್ಮ. "ನನ್ನ ಅಡುಗೆಗೆ ಒಬ್ಬಳಾದ್ರೂ ಮರ್ಯಾದೆ ಕೊಟ್ಲಲ್ಲ."

ಆ ಮಧ್ಯಾಹ್ನ ಎಂಟೂ ಜನ ದೊಡ್ಡ ಪಾತ್ರೆಗಳನ್ನು ತೊಳೆದರು. ಪಂದ್ಯ ಪಂದ್ಯವೇ ಎಂದು ದೊಡ್ಡಮ್ಮ ಒಂದನ್ನೂ ಬಿಡಲಿಲ್ಲ. ಮೊಣಕೈವರೆಗೆ ನೊರೆ ಹಚ್ಚಿಕೊಂಡು, ಹುಡುಗಿಯರು ಕ್ಲಬ್ಬಿನ ಇತಿಹಾಸದಲ್ಲಿ ಯಾವತ್ತೂ ಆಡದಷ್ಟು ಮಾತಾಡಿದರು. ಅಂದಿನಿಂದ ಹೊಸ ಏರ್ಪಾಡಾಯಿತು. ಊಟದ ಪಟ್ಟಿ ಅಕ್ಕನದು. ಎಲ್ಲರೂ ಮೂರು ಹೊತ್ತೂ ಉಣ್ಣಬೇಕು; ಮಧ್ಯಾಹ್ನದ್ದು ಒಂದೇ ಮೇಜಿನಲ್ಲಿ, ಮನೆಯ ಡಬ್ಬಿ ತರುವ ಬಂಡೆಯೂ ಸೇರಿ. ಸೋಮವಾರದ ತೂಕ ಮೂಟೆ ಲಿಫ್ಟಿನಲ್ಲಿ, ಎಂಟೂ ಜನರದ್ದು ಒಟ್ಟಿಗೆ. ಹಲಗೆಯ ಮೇಲೆ ಒಂದೇ ಅಂಕಿ. ಅದನ್ನು ಬರೆಯುವ ಸರದಿ ವಾರಕ್ಕೊಬ್ಬರದು. ಮೊದಲ ಸೋಮವಾರ ಬಂಡೆ ಬರೆದಳು: 492. ಗುಬ್ಬಿ ಪಕ್ಕದಲ್ಲೊಂದು ಮೊಟ್ಟೆಯ ಚಿತ್ರ ಬರೆದಳು.

ಪಂದ್ಯದ ಮುಂಚಿನ ಸಂಜೆ ಬಂಡೆ ಆಟದ ಪ್ಯಾಂಟು ಹಾಕಿ ನೋಡಿದಳು. ಸೊಂಟ ಬಿಗಿಯಿತು. ಯಂತ್ರದ ಮುಂದೆ ಕೂತಿದ್ದ ಅಮ್ಮನ ಎದುರಿಗೇ ನಿಂತು, ಕೆಂಪು ದಾರದ ತುದಿ ಹಿಡಿದು ಎಳೆದಳು. ಒಂದೇ ಎಳೆತಕ್ಕೆ ಅದು ಸರ್ರನೆ ಬಂತು. ಅಮ್ಮ ಕತ್ತೆತ್ತಿ ನೋಡಿದರು. ಆ ದಾರವನ್ನು ಅವಳ ಕೈಯಿಂದ ತೆಗೆದುಕೊಂಡು, ರೀಲಿಗೆ ಸುತ್ತಿ, ಹಾಡೊಂದನ್ನು ಗುನುಗುತ್ತಾ ಮತ್ತೆ ಪೆಡಲು ತುಳಿದರು.

ಪಂದ್ಯದ ದಿನ ಬ್ಯಾಡ್ಮಿಂಟನ್ ಹಾಲಿನಲ್ಲಿ ತೂಕ ಹಾಕುವವನು ಒಬ್ಬೊಬ್ಬರನ್ನೇ ಹತ್ತಿಸಿ, ಅಂಕಿಯನ್ನು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಮೊದಲಾಗಿದ್ದರೆ ಇಂಥ ಕಡೆ ಬಂಡೆ ನೆಲ ನೋಡುತ್ತಿದ್ದಳು. ಈ ಸಲ ನೇರ ಮುಂದೆ ನೋಡಿದಳು.

"ಎಪ್ಪತ್ತೊಂಬತ್ತು ಪಾಯಿಂಟ್ ಎರಡು!"

"ಎಲ್ಲ ಬೇಕಾಗಿರೋದೇ," ಎಂದಳು ಬಂಡೆ, ಅವನಿಗಿಂತ ಜೋರಾಗಿ. ಹಿಂದಿನಿಂದ ಜೋಡೆತ್ತುಗಳು ಶಿಳ್ಳೆ ಹೊಡೆದರು. ಕೂಡಿಸಿದಾಗ ನಾನೂರ ತೊಂಬತ್ತೊಂಬತ್ತೂವರೆ ಬಂತು. ಲಿಫ್ಟ್ ಸರ್ ಕರವಸ್ತ್ರದಿಂದ ಮುಖ ಒರೆಸಿಕೊಂಡು, "ಬಾಗಿಲು ಹಾಕ್ಬಹುದು," ಎಂದರು.

ಹೊರಗೆ ಮೈದಾನದಲ್ಲಿ ಎದುರಾಳಿಗಳು ಕಳೆದೆರಡು ವರ್ಷವೂ ಗೆದ್ದವರು. ಹಗ್ಗ ಎತ್ತುವ ಮೊದಲು ಏಳೂ ಜನ ಹಿಂದಕ್ಕೆ ತಿರುಗಿ ಬಂಡೆಯ ಮುಖ ನೋಡಿದರು. ಅದು ಹೊಸ ಪದ್ಧತಿ. ಅವಳು ಹಗ್ಗವನ್ನು ಕಂಕುಳಡಿ ತೂರಿಸಿ, ಬೆನ್ನಿಗೆ ಹಾಯಿಸಿ, ಭುಜದ ಮೇಲೆ ತಂದು ತಲೆಯಾಡಿಸಿದಳು. ರೆಫರಿಯ ಸೀಟಿ ಕೇಳಿಸಿತು.

ಹಗ್ಗ ಬಿಗಿಯಿತು, ನಿಂತಿತು. ಹದಿನಾರು ಜನ ಒರಗಿ ನಿಂತರೂ ಹಗ್ಗದ ನಡುವಿನ ಕೆಂಪು ಪಟ್ಟಿ ಅತ್ತ ಇತ್ತ ಒಂದು ಬೆರಳೂ ಹೋಗಲಿಲ್ಲ. ನಿಮಿಷವೊಂದು ಕಳೆಯಿತು. ಬಂಡೆಯ ತೊಡೆ ಉರಿಯಿತು. ಕಣ್ಣೆದುರು ಅಕ್ಕನ ಬೆನ್ನು ಎಡಕ್ಕೆ ವಾಲತೊಡಗಿತು. ಹೊಸಬಳು ಉಸಿರು ಕಟ್ಟಿದ್ದಳು. ಗುಬ್ಬಿಯ ಹಿಮ್ಮಡಿ ಮಣ್ಣಲ್ಲಿ ಕೂದಲೆಳೆಯಷ್ಟು ಜಾರಿದ್ದು ಹಗ್ಗದುದ್ದಕ್ಕೂ ಬಂದು ಅವಳ ಕಂಕುಳಿಗೆ ತಾಗಿತು. ಮುಂದಿರುವವಳಿಗೆ ಭಯವಾಗುತ್ತಿದೆ.

ಲಿಫ್ಟಿನಲ್ಲಿ ಕೊಡದೆ ಇಟ್ಟುಕೊಂಡಿದ್ದ ಉತ್ತರವನ್ನು ಬಂಡೆ ಆಗ ಕೊಟ್ಟಳು.

"ಇದೀನಿ," ಎಂದಳು.

ದೊಡ್ಡ ದನಿಯೇನಲ್ಲ. ಆದರೆ ಹಗ್ಗದ ಮೇಲೆ ಯಾರೂ ಮಾತಾಡದ ಆ ತಂಡದಲ್ಲಿ ಅದು ಮೊದಲನೆಯವಳವರೆಗೂ ಕೇಳಿಸಿತು. "ಇದೀನಿ," ಎಂದಳು ಅಕ್ಕ, ಬೆನ್ನು ನೆಟ್ಟಗೆ ಮಾಡಿ. "ಇದೀನಿ," ಎಂದು ಹೊಸಬಳು ಹೇಳಿದಾಗ ಕಟ್ಟಿದ್ದ ಉಸಿರು ಹೊರಬಂತು. ಕೆಮಿಸ್ಟ್ರಿಯವಳು, ಕ್ಯಾಪ್ಟನ್, ಜೋಡೆತ್ತುಗಳು ಒಂದೇ ಬಾಯಲ್ಲಿ. ಕೊನೆಗೆ ಗುಬ್ಬಿ, ಎದುರಿನವರ ಮುಖಕ್ಕೆ ಮುಖ ಕೊಟ್ಟು, ಹಲ್ಲು ಕಚ್ಚಿಕೊಂಡು: "ನಾನೂ ಇದೀನಿ, ಎಲ್ಲಿಗೆ ಹೋಗ್ಲಿ!"

ಬಂಡೆ ಬಲ ಹಿಮ್ಮಡಿ ಕಿತ್ತು ಒಂದು ಗೇಣು ಹಿಂದೆ ಊರಿದಳು. ಈ ಸಲ ನೆಲ ಅವಳನ್ನು ಹಿಡಿದುಕೊಂಡಿತು. ಎಡ ಹಿಮ್ಮಡಿ ಕಿತ್ತು ಇನ್ನೊಂದು ಗೇಣು. ಏಳು ಬೆನ್ನುಗಳು ಒಟ್ಟಿಗೆ ಅವಳ ಕಡೆಗೆ ಬಂದವು. ಅವುಗಳಾಚೆ, ದೂರದಲ್ಲಿ, ಕೆಂಪು ಪಟ್ಟಿ ಅಲುಗಿತು.